ಹಳದಿಯಕ್ಕನ ಬೆನ್ನು

ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ಹಳದಿಯಕ್ಕ ಎಂದೇ ಕರೆಯುವುದು. ಒಂದು ಗಿಡದ ಬೇರಿನಿಂದ ಹಳದಿ ಸತ್ವ ತೆಗೆದು, ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಕಣಗಳೊಳಗೆ ತುಂಬಿ, ಗಾಜಿನ ಬಟ್ಟಲಲ್ಲಿ ಬೆಳೆಸಿದ ಚರ್ಮದ ಕ್ಯಾನ್ಸರಿನ ಕೋಶಗಳ ಮೇಲೆ ಹಾಕಿ ನೋಡುವುದು ಅವರ ಕೆಲಸ. ಬರೀ ಸತ್ವ ಚರ್ಮದೊಳಗೆ ಇಳಿಯುವುದಿಲ್ಲ. ಈ ನ್ಯಾನೊ ಕಣಗಳು ಹೊತ್ತೊಯ್ದರೆ ಇಳಿದೀತು ಎಂದು ನಮ್ಮೆಲ್ಲರ ಆಸೆ. ಅಕ್ಕನ ಬೆರಳು, ಕೋಟಿನ ತೋಳು, ಊಟದ ಡಬ್ಬಿಯ ಮುಚ್ಚಳ, ಎಲ್ಲ ಹಳದಿ.

ಮಾತಿನಲ್ಲಿ ಅವರು ಪ್ರೊಫೆಸರಿಗೂ ಸೊಪ್ಪು ಹಾಕುವವರಲ್ಲ. ಬೆಳಿಗ್ಗೆ ಬಂದವರೇ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, "ಏನ್ರಪ್ಪಾ, ಇನ್ನೂ ಇದೀರಾ?" ಎಂದು ಕೋಶಗಳನ್ನೇ ವಿಚಾರಿಸುತ್ತಾರೆ. ನಾವು ನಗುತ್ತಿದ್ದೆವು. ಜೊತೆಗಿದ್ದ ಅಮ್ಮ ತೀರಿಕೊಂಡ ಮೇಲೆ ತಮ್ಮ ಒಂಟಿ ಕೋಣೆಯಲ್ಲಿ ಅವರು ಇಡೀ ಸಂಜೆ ಬಾಯಿ ತೆರೆಯುವ ಪ್ರಮೇಯವೇ ಇಲ್ಲ ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ.

ಅವರ ಬೀದಿಯಲ್ಲಿ ಟೈಲರಮ್ಮ ಒಬ್ಬರಿದ್ದಾರೆ. ಒಮ್ಮೆ ಪರದೆಯ ಹಿಂದೆ ಅರ್ಧ ಹೊಲಿದ ಅಂಗಿ ತೊಡಿಸಿ ನೋಡುವಾಗ, ಬೆನ್ನಿನ ಮಚ್ಚೆ ಹೋದ ಸಲ ಇಷ್ಟು ದೊಡ್ಡದಿರಲಿಲ್ಲವಲ್ಲ, ಮನೆಯಲ್ಲಿ ಯಾರೂ ಹೇಳಲಿಲ್ಲವೇ ಎಂದು ಕೇಳಿದರಂತೆ. ಹೇಳಿದ್ದರು, ತಾನೇ ಮರೆತೆ ಎಂದು ಅಕ್ಕ ಸುಳ್ಳು ಹೇಳಿ ಬಂದರು.

ಈ ಔಷಧ ಇನ್ನೂ ಮನುಷ್ಯರಿಗಲ್ಲ ಎಂದು ಹೊಸಬರಿಗೆಲ್ಲ ಗದರಿಸಿ ಹೇಳುವವರು ಅವರೇ. ಅದೇ ಅಕ್ಕ ಒಂದು ಸಣ್ಣ ಸೀಸೆ ಮನೆಗೆ ಒಯ್ದರು. ಕೈ ಎಟುಕದೆ, ಸೌಟಿನ ಹಿಡಿಗೆ ಹತ್ತಿ ಕಟ್ಟಿಕೊಂಡು ಬೆನ್ನಿಗೆ ಹಚ್ಚಿದರು. ಕನ್ನಡಿಯಲ್ಲಿ ಮಚ್ಚೆಯ ಅಂಚು ಮಸುಕಾದಂತೆ ಕಂಡಾಗ ಗುಣವಾಗುತ್ತಿದೆ ಎಂದುಕೊಂಡರು. ತನ್ನ ಬೆನ್ನು ತನಗೆ ಕಾಣದು ಎನ್ನುವುದು ಸುಮ್ಮನೆ ಅಲ್ಲ.

ಅವರ ಅಂಗಿಯ ಬೆನ್ನಿನಲ್ಲಿ ಹಳದಿ ಕಲೆ ನೋಡಿದ್ದು ನಾನು. ಕೈ ಹಳದಿಯಾಗುವುದು ಸರಿ, ಬೆನ್ನೇಕೆ ಹಳದಿ? ಕೇಳಿದರೆ ಮೊದಲು ತಮಾಷೆ ಮಾಡಿದರು, ಆಮೇಲೆ ಎಲ್ಲ ಹೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಅದೇ ದಿನ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಡಾಕ್ಟರು ಸ್ಪಿರಿಟ್ಟಿನಿಂದ ಒರೆಸಿದರು. ಹಳದಿ ಹೋಯಿತು, ಮಚ್ಚೆಯ ಅಂಚು ಮೊದಲಿನಷ್ಟೇ ಕಪ್ಪಾಗಿ ಎದ್ದು ಕಂಡಿತು. ಬಣ್ಣ ಅದನ್ನು ಬರೀ ಮುಚ್ಚಿತ್ತು. ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರೇ, ಆದರೆ ಆಳಕ್ಕೆ ಇಳಿದಿರಲಿಲ್ಲ. ಹೊಲಿಗೆ ಬಿಚ್ಚಿದ ದಿನ ಡಾಕ್ಟರು ಹೇಳಿದರು: "ಇದು ಮತ್ತೆ ಬರಬಹುದು. ತಿಂಗಳಿಗೊಂದ್ಸಲ ಮನೆಯವರಿಗೆ ಬೆನ್ನು ನೋಡೋಕೆ ಹೇಳಿ."

ಅಕ್ಕ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು. ಕೊನೆಗೆ ಹೇಳಿದರು, "ನೋಡೋರಿದ್ದಿದ್ರೆ ಸೌಟು ಯಾಕೆ ಬೇಕಿತ್ತು, ಡಾಕ್ಟ್ರೇ?"

ನಾನು ನೋಡುತ್ತೇನೆ ಎಂದೆ. ಆಗಲಿ ಎಂದರು, ಆದರೆ ತಿಂಗಳುಗಳು ಉರುಳಿದರೂ ಒಮ್ಮೆಯೂ ಕರೆಯಲಿಲ್ಲ. ಮೊನ್ನೆ ಅಕ್ಕ ಜ್ವರವೆಂದು ಮಲಗಿದಾಗ ಅವರ ಮನೆಗೆ ಹೋದೆ. ಶಾಲು ತೆಗೆಯಲು ಬೀರು ತೆರೆದರೆ ಒಂದೇ ಅಳತೆಯ, ಒಂದೇ ಬಣ್ಣದ ಹೊಸ ಅಂಗಿಗಳು ಸಾಲಾಗಿ ತೂಗುತ್ತಿದ್ದವು. ಒಂದನ್ನೂ ಅವರು ತೊಟ್ಟಂತಿರಲಿಲ್ಲ.

ಇಷ್ಟೊಂದು ಯಾಕೆ ಎಂದೆ. ಅಕ್ಕ ಗೋಡೆಯ ಕಡೆ ಮಗ್ಗುಲಾದರು.

"ತಿಂಗಳಿಗೊಂದು ಹೊಲಿಸ್ತೀನಿ. ತೊಡಿಸಿ ನೋಡುವಾಗ ಟೈಲರಮ್ಮ ಬೆನ್ನು ನೋಡ್ತಾರಲ್ಲ."