ಮೊದಲ ಸಹಿಯ ಭಯ

ಬಂಡಾಯಗಾರರ ಚರಿತ್ರೆಯನ್ನು ಪುಕ್ಕಲರು ಚೆನ್ನಾಗಿ ಬರೆಯುತ್ತಾರೆ ಎಂಬುದಕ್ಕೆ ನಾನೇ ಸಾಕ್ಷಿ. ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದಾಗ ಮೆಕ್ಸಿಕೋ ಕ್ರಾಂತಿಯ ನಾಯಕರ ಬಗ್ಗೆ ವಾರವಾರ ಬರೆಯುತ್ತಿದ್ದೆ. ಕುದುರೆ, ಬಂದೂಕು, ಮೀಸೆ ಎಲ್ಲವೂ ಇರುತ್ತಿದ್ದವು. ಬರೆಯುತ್ತಿದ್ದವನು ಮಾತ್ರ ಎರಡು ದಿನ ರಜೆ ಕೇಳಲು ಸಂಪಾದಕರ ಬಾಗಿಲ ಮುಂದೆ ಮೂರು ಸಲ ಸುಳಿದು, ನೀರು ಕುಡಿದು, ವಾಪಸು ಬಂದು ಕೂರುತ್ತಿದ್ದ.

ಈಗ ಕತಾರಿನಲ್ಲಿದ್ದೇನೆ. ಹಮದ್ ಬಂದರಿನ ಬಳಿ ಸರಕು ಸಾಗಣೆ ಕಂಪನಿಯೊಂದರ ಕಚೇರಿಯಲ್ಲಿ, ಬಂದ ಪತ್ರಗಳಿಗೆ ಮೊಹರು ಒತ್ತಿ ಕಂಪ್ಯೂಟರಿನಲ್ಲಿ ದಾಖಲಿಸುವುದು ನನ್ನ ಕೆಲಸ. ಮನೆ ಅಲ್ ಗರಾಫಾದಲ್ಲಿ. ಶುಕ್ರವಾರ ಮಾತ್ರ ಇಂಡಸ್ಟ್ರಿಯಲ್ ಏರಿಯಾದ ಕಾರ್ಮಿಕರ ಕ್ಯಾಂಪಿಗೆ ಹೋಗುತ್ತೇನೆ. ನಮ್ಮ ಗೋದಾಮಿನಲ್ಲಿ ದುಡಿಯುವ ಗದಗಿನ ಮಲ್ಲಪ್ಪ ಅಲ್ಲಿ ತನ್ನ ಕೋಣೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಾನೆ. ರೊಟ್ಟಿ ತಿಂದವನು ಕಥೆ ಹೇಳಬೇಕೆಂಬುದು ಆ ಕೋಣೆಯ ಕಾಯಿದೆ.

ಒಮ್ಮೆ ಮೆಕ್ಸಿಕೋದ ಕಥೆ ಹೇಳಿದೆ. ದಕ್ಷಿಣದ ನಾಯಕ ಕುದುರೆ ಪಳಗಿಸುತ್ತಿದ್ದವನು. ಊರಿನ ಜಮೀನಿನ ಹಳೆಯ ಕಾಗದಗಳನ್ನು ಕಾಯುವ ಹೊಣೆಯನ್ನು ಊರವರು ಅವನಿಗೆ ಒಪ್ಪಿಸಿದ್ದರು. ಉತ್ತರದವನು ದನಗಳ್ಳತನದಿಂದ ದಂಡನಾಯಕತನಕ್ಕೆ ಏರಿದವನು. ಇಬ್ಬರೂ ರಾಜಧಾನಿ ಹೊಕ್ಕಾಗ ಅರಮನೆಯಲ್ಲಿ ಅಧ್ಯಕ್ಷರ ಕುರ್ಚಿ ಖಾಲಿಯಿತ್ತು. ಉತ್ತರದವನು ನಗುತ್ತ ಕೂತುಬಿಟ್ಟ. ದಕ್ಷಿಣದವನು ಒಲ್ಲೆನೆಂದು ಪಕ್ಕಕ್ಕೆ ಸರಿದ. ಮುಂದೆ ಒಂದು ದಿನ ಈ ದಕ್ಷಿಣದವನನ್ನು ಶತ್ರು ಪಡೆಯವರು ಅತಿಥಿಯೆಂದು ಕರೆದರು. ಕಹಳೆ ಊದಿ ಗೌರವ ಸಲ್ಲಿಸಿದ ಸಿಪಾಯಿಗಳೇ ಗುಂಡಿಕ್ಕಿದರು. ಕೆಲವು ವರ್ಷಗಳ ನಂತರ ಉತ್ತರದವನನ್ನು ಕಾರಿನಲ್ಲೇ ಕೊಂದರು.

"ಅಂದ್ರ ಮುಂದ ನಿಂತಾವ್ರು ಹೋದ್ರು," ಎಂದ ಮಲ್ಲಪ್ಪ. "ಹಿಂದ ನಿಂತಾವ್ರು ಏನಾದ್ರರಿ?"

"ಅವರ ಹೆಸರು ಎಲ್ಲೂ ಸಿಗುವುದಿಲ್ಲ."

"ಹಂಗಾರ ಉಳಕೊಂಡಿರಬೇಕು ಬಿಡ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಕಥೆ ನನ್ನ ಕೊರಳಿಗೇ ಸುತ್ತಿಕೊಳ್ಳುತ್ತದೆಂದು ಆಗ ಗೊತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಕ್ಯಾಂಪಿನಿಂದ ಬಂದರಿಗೆ ಹೋಗುವ ಕಂಪನಿ ಬಸ್ಸಿನ ಎಸಿ ಕೆಟ್ಟಿತ್ತು. ಕಿಟಕಿ ತೆರೆದರೆ ಬೆಂಕಿಗಾಳಿ, ಮುಚ್ಚಿದರೆ ಒಲೆ. ಒಬ್ಬ ಬಸ್ಸಿನಲ್ಲೇ ಕಣ್ಣು ಕತ್ತಲೆ ಬಂದು ಬಿದ್ದ. ಚಾಲಕ ಹಮೀದಾಕ ಉಳ್ಳಾಲದವರು. ಬಾಯಿಮಾತಿನಲ್ಲಿ ಹೇಳಿ ಹೇಳಿ ಸೋತಿದ್ದರು. ಮುಂದಿನ ಶುಕ್ರವಾರ ರೊಟ್ಟಿಯ ಜೊತೆ ಬಿಳಿ ಹಾಳೆಯೂ ಬಂತು. ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಪತ್ರಿಕೆಯ ಅಭ್ಯಾಸ: ಯಾವತ್ತು, ಎಲ್ಲಿ, ಏನಾಯಿತು, ಅಷ್ಟೇ. ವಿಶೇಷಣ ಒಂದೂ ಇಲ್ಲ. ಓದಿ ಹೇಳಿದೆ. ಎಲ್ಲರೂ ತಲೆದೂಗಿದರು. ಪೆನ್ನು ಮುಂದೆ ಚಾಚಿದೆ.

ಯಾರೂ ಮುಟ್ಟಲಿಲ್ಲ.

"ಎಲ್ಲಾರೂ ಹಾಕ್ತೀವ್ರಿ," ಎಂದ ಮಲ್ಲಪ್ಪ. "ಮೊದಲ ಹಾಕಾವ್ರು ಯಾರು? ನೀವ ಹೇಳೀರಲ್ರಿ, ಕಹಳಿ ಊದತಾರ ಅಂತ." ಇಲ್ಲಿ ಇರಲು ಬೇಕಾದ ಅವನ ಐಡಿಯ ನವೀಕರಣ ಮುಂದಿನ ತಿಂಗಳಿತ್ತು. ಕಂಪನಿ ಒಲ್ಲೆನೆಂದರೆ ಊರಿನ ವಿಮಾನ ಹತ್ತಬೇಕು.

ಹಮೀದಾಕ ಎದ್ದು ಬಂದರು. ಟಿಫಿನ್ ಡಬ್ಬಿಯ ಮುಚ್ಚಳವನ್ನು ಹಾಳೆಯ ಮೇಲೆ ಬೋರಲು ಹಾಕಿ ಸುತ್ತ ಗೆರೆ ಎಳೆದರು. "ನಮ್ಮಜ್ಜ ಮಂಜಿ ಹಡಗಿನಲ್ಲಿ ಇದ್ದದ್ದು ಮಾರಾಯ್ರೆ. ಹಡಗಿನವರು ಯಜಮಾನನಿಗೆ ದೂರು ಕೊಡುವಾಗ ಹೀಗೇ ಉರುಂಟಾಗಿ ಹೆಬ್ಬೆಟ್ಟು ಒತ್ತುದಂತೆ. ಇದ್ರಲ್ಲಿ ತಲೆ ಎಂತದು, ಬಾಲ ಎಂತದು? ಯಲ್ಲಾ, ಬನ್ನಿ, ಹಾಕಿ."

ಸೂರ್ಯನ ಸುತ್ತ ಕಿರಣಗಳಂತೆ ಸಹಿಗಳು ಬಿದ್ದವು. ಮೆಕ್ಸಿಕೋದವರಿಗೆ ಉಳ್ಳಾಲದ ಅಜ್ಜನೊಬ್ಬ ಇದ್ದಿದ್ದರೆ ಚರಿತ್ರೆಯೇ ಬೇರೆಯಾಗುತ್ತಿತ್ತು ಎಂದುಕೊಂಡು ಹಗುರಾಗಿ ಮನೆಗೆ ಬಂದೆ.

ಭಾನುವಾರ ಬೆಳಗ್ಗೆ ಆ ಅರ್ಜಿ ಎಲ್ಲಿಗೆ ಬಂತು ಗೊತ್ತೇ? ನನ್ನ ಮೇಜಿಗೆ. ಮೊಹರು ಒತ್ತಿದೆ, ನಂಬರು ಕೊಟ್ಟೆ. ಕಂಪ್ಯೂಟರಿನಲ್ಲಿ 'ಕಳುಹಿಸಿದವರು' ಎಂಬ ಕಾಲಂ ಬಂತು. ಅದರಲ್ಲಿ ಒಂದೇ ಹೆಸರು ಹಿಡಿಯುತ್ತದೆ. 'ಕಾರ್ಮಿಕರು' ಎಂದು ಬರೆದೆ, ಕೆಂಪಾಯಿತು. ಖಾಲಿ ಬಿಟ್ಟೆ, ಮತ್ತೂ ಕೆಂಪಾಯಿತು. ಸಿಬ್ಬಂದಿಯ ಪಟ್ಟಿಯಿಂದ ಒಬ್ಬನನ್ನು ಆರಿಸಲೇಬೇಕು.

ಅರ್ಜಿಯನ್ನು ಡ್ರಾಯರಿಗೆ ತಳ್ಳುವ ಯೋಚನೆ ಬಂದದ್ದನ್ನು ನಿಮ್ಮಲ್ಲಿ ಮುಚ್ಚಿಡುವುದಿಲ್ಲ. ಎಸಿಯ ತಂಪಿನಲ್ಲೂ ಬೆನ್ನು ಒದ್ದೆಯಾಗಿತ್ತು. ಪಟ್ಟಿಯಲ್ಲಿ ಹಮೀದಾಕರ ಹೆಸರಿನ ಮೇಲೆ ಬೆರಳು ಒಮ್ಮೆ ನಿಂತಿತು, ಮಲ್ಲಪ್ಪನ ಮೇಲೂ ನಿಂತಿತು. ಬಂಡಾಯಕ್ಕೆ ನಾಯಕನೊಬ್ಬ ಹೇಗೆ ಹುಟ್ಟುತ್ತಾನೆ ಎಂಬುದು ಆಗ ಹೊಳೆಯಿತು. ಊರಿಗೆ ಊರೇ ಎದ್ದಿರುತ್ತದೆ. ಎಲ್ಲೋ ಒಬ್ಬ ಗುಮಾಸ್ತನ ಕಾಲಮ್ಮಿಗೆ ಮಾತ್ರ ಒಂದೇ ಹೆಸರು ಬೇಕಾಗಿರುತ್ತದೆ.

ಬರೆದವನು ನಾನು. ವರದಿಗೆ ಮೂಲ ಯಾವುದೆಂದು ಸುಳ್ಳು ಬರೆದ ಅಭ್ಯಾಸವಿಲ್ಲ. ನನ್ನ ಹೆಸರನ್ನೇ ಒತ್ತಿದೆ. ಶೌರ್ಯವಲ್ಲ, ಉಳಿದ ಹೆಸರುಗಳನ್ನು ಒತ್ತಲು ಇನ್ನೂ ಹೆಚ್ಚು ಹೆದರಿಕೆಯಾಯಿತು.

ಮೂರನೆಯ ದಿನ ಮ್ಯಾನೇಜರ್ ಕರೆದರು. ಬಾಗಿಲ ಮುಂದೆ ಸುಳಿದಾಡಲೂ ಸಮಯವಿರಲಿಲ್ಲ. ಪಕ್ಕದ ಕೋಣೆಯಲ್ಲಿ ಯಾರದೋ ಫೋನು ರಿಂಗಾದದ್ದು ನನಗೆ ಕಹಳೆಯಂತೆ ಕೇಳಿಸಿತು.

"ನೀವು ಆ ಬಸ್ಸಿನಲ್ಲಿ ಓಡಾಡುವುದೇ ಇಲ್ಲವಲ್ಲ?" ಎಂದರು.

"ಇಲ್ಲ ಸರ್. ಕಾಲಂ ಖಾಲಿ ಬಿಡಲು ಬರಲಿಲ್ಲ."

ಅವರು ನನ್ನನ್ನು ನೋಡಿದರು, ಉರುಂಟು ಸಹಿಗಳನ್ನು ನೋಡಿದರು, ಕಾಗದವನ್ನು ಫೈಲಿಗೆ ಹಾಕಿ ಹೋಗಿ ಎಂದರು. ಆ ಫೈಲು ಇನ್ನೂ ಅವರ ಕಪಾಟಿನಲ್ಲಿದೆ. ನನ್ನ ಐಡಿ ನವೀಕರಣ ಚಳಿಗಾಲದಲ್ಲಿ.

ಆ ವಾರವೇ ಬಸ್ಸಿಗೆ ಹೊಸ ಎಸಿ ಬಂತು. ಮುಂದಿನ ತಿಂಗಳು ಮಲ್ಲಪ್ಪನ ಐಡಿಯೂ ಬಂತು. ಅದರ ಮರು ಶುಕ್ರವಾರ ಎಲ್ಲರೂ ಅದೇ ಬಸ್ಸಿನಲ್ಲಿ ಕಡಲ ದಂಡೆಗೆ ಹೊರಟರು, ನನ್ನನ್ನೂ ಹತ್ತಿಸಿಕೊಂಡರು.

"ಹೊಸ ಎಸಿಯ ಚಳಿಗೆ ಇವರಿಗೆಲ್ಲ ಈಗ ಶಾಲು ಬೇಕಂತೆ," ಎಂದರು ಹಮೀದಾಕ. "ಇನ್ನೊಂದು ಅರ್ಜಿ ಬರೀತೀರಾ?"

ಮಲ್ಲಪ್ಪ ಚಾಲಕನ ಹಿಂದಿನ ಮೊದಲ ಸೀಟನ್ನು ಟವೆಲಿನಿಂದ ಒರೆಸಿದ. "ಲೀಡರ್ ಸಾಹೇಬ್ರ, ಇಲ್ಲಿ ಕುಂದರ್ರಿ."

ನಾನು ನೇರವಾಗಿ ಹಿಂದಕ್ಕೆ ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ಎಷ್ಟು ದೊಡ್ಡ ಮನಸ್ಸು ಎಂದು ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ಅಂದಿನಿಂದ ನನಗೊಂದು ಗುಮಾನಿ. ಅರಮನೆಯಲ್ಲಿ ಕುರ್ಚಿ ಒಲ್ಲೆನೆಂದ ಆ ದಕ್ಷಿಣದವನ ತ್ಯಾಗದ ಬಗ್ಗೆ ಹಿಂದೆ ಪತ್ರಿಕೆಯಲ್ಲಿ ಒಂದು ವಾರದ ಅಂಕಣ ಪೂರ್ತಿ ಬರೆದಿದ್ದೆ. ಅವತ್ತು ಅವನ ಬೆನ್ನು ಒದ್ದೆಯಾಗಿತ್ತೇ ಎಂದು ಕೇಳಲು ಮಾತ್ರ ಮರೆತಿದ್ದೆ.