ಬಾಣಂತಿಯರ ಬೆನ್ನಿಗೆ ನಿಂತ ಹಾಲಕ್ಕ

ಬೆಳಗಿನ ಐದೂವರೆ. ಹೆರಿಗೆ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ ನಾಲ್ಕು ದಿನದ ಕೂಸು ಅತ್ತು ಅತ್ತು ಕೆಂಪಾಗಿದೆ. ಮೊಲೆತೊಟ್ಟು ಬಿರಿದ ನೋವಿಗೆ ತಾಯಿ ಹಲ್ಲು ಕಚ್ಚಿ ಕೂತಿದ್ದಾಳೆ. ಮಗುವಿನ ತೂಕ ಇಳಿಯುತ್ತಿದೆ. ಇವತ್ತೂ ಇಳಿದರೆ ಪುಡಿಹಾಲು ಕೊಡಲೇಬೇಕೆಂದು ಡಾಕ್ಟರ್ ಹೇಳಿದ್ದಾರೆ. ಇವಳಿಗೆ ಹಾಲೇ ಇಲ್ಲ ಎಂದು ಅತ್ತೆ ಆಗಲೇ ತೀರ್ಪು ಕೊಟ್ಟಾಗಿದೆ.

ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಕೈ ತೊಳೆದು ಬರುವ ಆಯಾ ಮೊದಲು ಮಗುವನ್ನು ಮುಟ್ಟುವುದಿಲ್ಲ. ತಾಯಿಯ ಬೆನ್ನಿಗೆ ಎರಡು ದಿಂಬು ಕೊಡುತ್ತಾರೆ.

“ಬಗ್ಗಬೇಡಮ್ಮ. ಮಗೂನ ನಿನ್ನ ಹತ್ರ ತಗೋ. ಆಕಳಿಸೋ ಹಾಗೆ ಬಾಯಿ ಅಗಲ ಮಾಡೋವರೆಗೂ ಕಾಯಿ.”

ಎರಡು ಸಲ ಜಾರುತ್ತದೆ. ಮೂರನೆಯ ಸಲ, ತೊಟ್ಟಿನ ಸುತ್ತಲ ಕಪ್ಪು ಭಾಗವೂ ಬಾಯೊಳಗೆ ಹೋದಾಗ, ಕೂಸು ಗುಟುಕು ಗುಟುಕಾಗಿ ಕುಡಿಯತೊಡಗುತ್ತದೆ. ತಾಯಿಯ ಬಿಗಿದ ಭುಜ ಸಡಿಲಾಗುತ್ತದೆ.

ಇಪ್ಪತ್ತೆರಡು ವರ್ಷಗಳಿಂದ ಇಲ್ಲಿ ದುಡಿಯುವ ಈ ಆಯಾಗೆ ‘ಹಾಲಕ್ಕ’ ಎಂದು ಹೆಸರಿಟ್ಟವರು ಬಾಣಂತಿಯರೇ. ಕಾಗದದ ಮೇಲೆ ಅವರ ಕೆಲಸ ನೆಲ ಒರೆಸುವುದು, ಹಾಸಿಗೆ ಬಟ್ಟೆ ಬದಲಿಸುವುದು. ಮೂವತ್ತು ಮಂಚ, ದಿನಕ್ಕೆ ಎಂಟೊಂಬತ್ತು ಹೆರಿಗೆ, ಇಬ್ಬರು ನರ್ಸು. “ಅವರಿಗೆ ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ. ಪಕ್ಕದಲ್ಲಿ ಅರ್ಧ ಗಂಟೆ ಕೂರೋರು ಯಾರು?” ಎನ್ನುತ್ತಾರೆ. ಬಾಣಂತಿಗೆ ಜ್ವರ ಬಂದರೆ, ಎದೆ ಕೆಂಪಾಗಿ ಗಟ್ಟಿಯಾದರೆ ಮಾತ್ರ ತಾವು ಕೈ ಹಾಕದೆ ಡಾಕ್ಟರನ್ನು ಕರೆಯುತ್ತಾರೆ.

ಹಾಲಕ್ಕನ ಮೊದಲ ಮಗ ಹುಟ್ಟಿದಾಗ ಎರಡೇ ವಾರಕ್ಕೆ ಅವರೂ ಹಾಲೂಡಿಸಲಾಗದೆ ಸೋತಿದ್ದರು. “ಎಲ್ಲರೂ ಬೈದ್ರು, ಒಬ್ಬರೂ ತೋರಿಸ್ಲಿಲ್ಲ.” ಮಗಳು ಹುಟ್ಟಿದಾಗ ವಯಸ್ಸಾದ ನರ್ಸೊಬ್ಬರು ಪಕ್ಕದಲ್ಲಿ ಕೂತು ಕಲಿಸಿದರು. ಆ ವಿದ್ಯೆಯನ್ನೇ ಹಾಲಕ್ಕ ಹಂಚುತ್ತಿದ್ದಾರೆ.

ಅದಕ್ಕೆ ಏಟೂ ತಿಂದಿದ್ದಾರೆ. ನೆಲ ಒರೆಸುವವರಿಗೆ ಇದೆಲ್ಲ ಯಾಕೆ ಎಂದು ಹಿಂದಿನ ಮೇಲ್ವಿಚಾರಕರು ಅವರನ್ನು ಬಟ್ಟೆ ಒಗೆಯುವ ಕೋಣೆಗೆ ಹಾಕಿದ್ದರು. ಮೂರನೇ ವಾರಕ್ಕೆ ನರ್ಸುಗಳೇ ಹೋಗಿ, ನಮ್ಮ ಹಾಲಕ್ಕನನ್ನು ವಾಪಸ್ ಕೊಡಿ ಎಂದು ಪಟ್ಟು ಹಿಡಿದರು.

ಮನೆಗೆ ಹೋದ ಬಾಣಂತಿಯರನ್ನೂ ಅವರು ಬಿಡುವುದಿಲ್ಲ. ಪಾಳಿ ಮುಗಿಸಿ ದಿನಕ್ಕೆ ಎರಡು ಮನೆಗಾದರೂ ಹೋಗಿಬರುತ್ತಾರೆ. ಅಲ್ಲಿ ಹಿರಿಯರ ಜೊತೆ ವಾದಕ್ಕಿಳಿಯುವುದಿಲ್ಲ. “ಅತ್ತೆಗೆ ಬುದ್ಧಿ ಹೇಳೋಕೆ ಹೋಗ್ಬಾರ್ದು, ಕೆಲಸ ಕೊಡ್ಬೇಕು” ಎಂದು ನಗುತ್ತಾರೆ. ವಾರ್ಡಿನಲ್ಲೂ ಅದೇ ಉಪಾಯ: ಕಿಟಕಿ ಪಕ್ಕದ ಮಂಚದ ಅತ್ತೆಗೆ ಸಿಕ್ಕಿದ್ದು, ಹಾಲು ಸಾಕಾಗುತ್ತಿದೆಯೇ ಎಂದು ತಿಳಿಯಲು ಮಗು ಒದ್ದೆ ಮಾಡಿದ ಬಟ್ಟೆ ಲೆಕ್ಕ ಹಾಕುವ ಕೆಲಸ.

ಆ ಸಂಜೆ ತೂಕ ಇಳಿಯಲಿಲ್ಲ. ಎರಡು ದಿನ ಬಿಟ್ಟು ಎಂಬತ್ತು ಗ್ರಾಂ ಏರಿತು. ಏಳು ಬಟ್ಟೆ ಒದ್ದೆಯಾಗಿವೆ, ನನ್ನ ಸೊಸೆಗೆ ಹಾಲಿಗೇನು ಕೊರತೆ ಎಂದು ಅತ್ತೆಯೇ ವಾರ್ಡಿಗೆಲ್ಲ ಸಾರಿದರು. ಹಾಲಕ್ಕ ಆಗ ಬಕೆಟ್ಟಿನ ನೀರು ಬದಲಿಸುತ್ತಿದ್ದರು.

ಪತ್ರಿಕೆಗೆ ಏನು ಬರೆಯಲಿ ಎಂದು ಕೇಳಿದರೆ ಅವರು ಯೋಚಿಸುವುದೇ ಇಲ್ಲ.

“ತಾಯಂದಿರು ಒರಗಿ ಕೂತು ಹಾಲು ಕುಡಿಸೋಕೆ ವಾರ್ಡಿಗೆ ಕೈಯಿರೋ ಕುರ್ಚಿ ನಾಲ್ಕು ಬೇಕು ಅಂತ ಬರೀರಿ. ಆಮೇಲೆ ಜಾಗ ಉಳಿದ್ರೆ ನನ್ನ ಬಗ್ಗೆ ಬರೀರಿ.”