ಲೆಕ್ಕ ತಪ್ಪುತ್ತಿದ್ದ ಕಣದಜ್ಜಿ

ಕೊಂಡ್ಲಹಳ್ಳಿಯ ದೊಡ್ಡ ಕಣದ ಅಜ್ಜಿಗೆ ಐದರವರೆಗೆ ಎಣಿಸಲು ಬರುವುದಿಲ್ಲ ಎಂದೇ ಊರಿನ ಮಕ್ಕಳಾದ ನಾವು ನಂಬಿದ್ದೆವು. ಸುಗ್ಗಿಯಲ್ಲಿ ಕಣಕ್ಕೆ ಬಂದ ಬಡವರ ಸೆರಗಿಗೆ ಐದು ಸೇರು ನವಣೆ ಹಾಕುವುದು ಆ ಮನೆಯ ವಾಡಿಕೆ. ಕಾಳು ಅಳೆಯುವಾಗ ‘ಒಂದು’ ಎನ್ನಬಾರದು, ‘ಲಾಭ’ ಎನ್ನಬೇಕು. ಅಜ್ಜಿ “ಲಾಭ, ಎರಡು, ಮೂರು” ಎಂದು ಅಳೆಯುವಾಗ ಯಾರಾದರೂ ಬಾಯಿ ಹಾಕಿದರೆ ಮುಗಿಯಿತು. “ಅಯ್ಯೋ, ಲೆಕ್ಕ ತಪ್ತಲ್ಲೇ!” ಎಂದು ಮತ್ತೆ ಲಾಭದಿಂದಲೇ ಹಿಡಿಯುತ್ತಿದ್ದಳು. ಹಾಕಿದ ಕಾಳನ್ನು ಮಾತ್ರ ರಾಶಿಗೆ ವಾಪಸ್ಸು ಸುರಿಯುತ್ತಿರಲಿಲ್ಲ.

ನಾನಾಗ ಮರಳಿನ ಮೇಲೆ ಅಂಕಿ ತಿದ್ದುವುದನ್ನು ಕಲಿತಿದ್ದೆ, ಜಂಬ ಬೇರೆ. ಒಮ್ಮೆ ಕುರಿ ಕಾಯುವವನ ಹೆಂಡತಿ ಸೆರಗೊಡ್ಡಿ ನಿಂತಿದ್ದಾಗ, “ಅಜ್ಜೀ, ಆಗ್ಲೇ ನಾಕಾಗೈತೆ, ಇನ್ನೊಂದೇ ಬಾಕಿ” ಎಂದೆ. ಅಜ್ಜಿ ನನ್ನ ಕಿವಿ ಹಿಂಡಿದಳು. “ನೋಡು, ನಿನ್ನಿಂದ ಲೆಕ್ಕ ತಪ್ತು. ಲಾಭ...”

ಮರುವರ್ಷ ಅಪ್ಪ ಕಾಲು ಮುರಿದುಕೊಂಡು ಮಲಗಿದ. ಸುಗ್ಗಿ ಬಂದಾಗ ಅವ್ವ ನನ್ನನ್ನು ಕರೆದುಕೊಂಡು ಅದೇ ಕಣಕ್ಕೆ ಹೋಗಿ, ತಲೆ ತಗ್ಗಿಸಿ ಸೆರಗೊಡ್ಡಿದಳು. ನಾಚಿಕೆಯಿಂದ ನಾನು ಬಾಯಿ ಬಿಗಿದುಕೊಂಡು ನಿಂತಿದ್ದೆ. ನಾಲ್ಕನೆಯ ಸೇರು ಸುರಿದ ಅಜ್ಜಿ ಕೈ ತಡೆದು ನನ್ನತ್ತ ನೋಡಿದಳು.

“ಯಾಕೇ, ಇವತ್ತು ಲೆಕ್ಕ ಹೇಳ್ಕೊಡಲ್ವೇನೇ?”

ನಾನು ಎರಡೂ ಕಿವಿ ಮುಚ್ಚಿಕೊಂಡು, “ನಾಕಾಗೈತೆ, ಅಜ್ಜೀ” ಎಂದೆ.

“ಅಯ್ಯೋ, ತಪ್ಪಿಸೇ ಬಿಟ್ಯಲ್ಲೇ!” ಎಂದು ಅಜ್ಜಿ ಸೇರನ್ನು ಮತ್ತೆ ರಾಶಿಗಿಳಿಸಿ ತುಂಬಿಕೊಂಡಳು. “ಲಾಭ...”